ಮಾವ, ಅಳಿಯ, ಎರಡು ಸೈಕಲ್ಲು: ಮಂಗಳೂರಿಗೆ ಯಾರ ವೇಗದಲ್ಲಿ ಹೋಗಬೇಕು?

ಪ್ರಶ್ನೆ: ನನಗೆ 46 ವರ್ಷ. ಬೆಂಗಳೂರಿನ ವಿಜಯನಗರದಲ್ಲಿ ಮನೆ. ಕೂತು ಮಾಡುವ ಕೆಲಸ. ಎರಡು ವರ್ಷದಿಂದ ಪ್ರತಿ ಭಾನುವಾರ 35–40 ಕಿ.ಮೀ. ಸೈಕಲ್ ತುಳಿಯುತ್ತಿದ್ದೇನೆ. ನನ್ನ ಅಕ್ಕ ಕ್ಯಾನ್ಸರ್‌ನಿಂದ ತೀರಿಕೊಂಡು ಎರಡು ವರ್ಷವಾಯಿತು. ಅಕ್ಕನ ಮಗನಿಗೆ ಈಗ 22. ಜನವರಿಯಲ್ಲಿ ನಾವಿಬ್ಬರೂ ಬೆಂಗಳೂರಿನಿಂದ ಮಂಗಳೂರಿಗೆ ಸೈಕಲ್‌ನಲ್ಲಿ ಹೋಗಬೇಕು ಅಂತಿದ್ದೇವೆ. ಚಿಕಿತ್ಸೆಗೆ ಬರುವ ಹೊರಗಿನ ಊರಿನವರು ಉಳಿದುಕೊಳ್ಳುವ ಒಂದು ವಸತಿಗೃಹಕ್ಕೆ ಇದರಿಂದ ಹಣ ಕೂಡಿಸುವ ಆಸೆ. ಕಿ.ಮೀ.ಗೆ ಇಷ್ಟು ರೂಪಾಯಿ ಅಂತ ಜನರನ್ನು ಕೇಳೋಣ ಅಂದುಕೊಂಡಿದ್ದೇವೆ. ಹುಡುಗ ಜೋರಾಗಿ ತುಳಿಯುತ್ತಾನೆ, ನಾನು ಯಾವಾಗಲೂ ಹಿಂದೆ ಬೀಳುತ್ತೇನೆ. ಭಾವ ಕಾರಿನಲ್ಲಿ ನಮ್ಮ ಹಿಂದೆಯೇ ಬರುತ್ತೇನೆ ಅನ್ನುತ್ತಾರೆ. ನೆಂಟರೊಬ್ಬರು 'ಟ್ರಿಪ್ಪು ನಿಮ್ಮದು, ದುಡ್ಡು ನಮ್ಮದಾ?' ಅಂದರು. ಇನ್ನು ಮೂರೂವರೆ ತಿಂಗಳಿದೆ. ಇದು ಆಗುವ ಕೆಲಸವಾ?

ಉತ್ತರ: ಆಗುತ್ತದೆ. ವಾರಕ್ಕೊಮ್ಮೆ 40 ಕಿ.ಮೀ. ತುಳಿಯುವವರಿಗೆ ಮೂರೂವರೆ ತಿಂಗಳು ಸಿಕ್ಕರೆ, ಮೂರು ದಿನದಲ್ಲಿ ಮಂಗಳೂರು ಮುಟ್ಟಬಹುದು. ದೂರದ ಚಿಂತೆ ಬಿಡಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಎರಡು ಮಾತು. 'ಕಿ.ಮೀ.ಗೆ ಇಷ್ಟು' ಅನ್ನುವುದು ಒಂದು. 'ಹಿಂದೆ ಬೀಳುತ್ತೇನೆ' ಅನ್ನುವುದು ಇನ್ನೊಂದು.

ಯಾಕೆ ಅಂತ ಹೇಳುತ್ತೇನೆ. 2012ರ ಡಿಸೆಂಬರ್‌ನಲ್ಲಿ ನಾನೂ ನನ್ನ ಗೆಳೆಯನೂ ಇದೇ ದಾರಿಯಲ್ಲಿ ಹೊರಟಿದ್ದೆವು. ಒಂದು ಹಳ್ಳಿ ಶಾಲೆಗೆ ಶೌಚಾಲಯ ಕಟ್ಟಿಸಬೇಕಿತ್ತು. ಕಿ.ಮೀ.ಗೆ ಐದು, ಹತ್ತು ರೂಪಾಯಿ ಅಂತ ಸುಮಾರು ಜನ ಒಪ್ಪಿದ್ದರು. ಹಾಸನ ಬರುವಷ್ಟರಲ್ಲಿ ಗೆಳೆಯನ ಮಂಡಿ ಹಿಡಿದುಕೊಂಡಿತ್ತು. ಅವನು ಬಾಯಿ ಬಿಡಲಿಲ್ಲ. ನಿಂತರೆ ಉಳಿದ ಕಿ.ಮೀ.ಗಳ ದುಡ್ಡು ಹೋಗುತ್ತದೆ ಅನ್ನುವುದು ಅವನ ತಲೆಯಲ್ಲಿತ್ತು. ನಾನು ಮುಂದೆ ಮುಂದೆ ಹೋಗಿ ಸಕಲೇಶಪುರದಲ್ಲಿ ಮುಕ್ಕಾಲು ಗಂಟೆ ಕಾದೆ. ಅವನು ಬಂದು ಕಾಲು ನೆಲಕ್ಕೆ ಇಟ್ಟ ಕೂಡಲೇ 'ನಡಿ, ಹೊತ್ತಾಯ್ತು' ಅಂತ ಎದ್ದೆ. ಅವನು ಮಂಗಳೂರಿನವರೆಗೂ ತುಳಿದ. ಆಮೇಲೆ ಐದು ತಿಂಗಳು ಸೈಕಲ್ ಮುಟ್ಟಲು ಆಗಲಿಲ್ಲ. ಶಾಲೆಗೆ ಹಣ ಸಿಕ್ಕಿತು. ಆದರೆ ಆ ಮೂರು ದಿನ ಅವನು ಒಬ್ಬನೇ ಸೈಕಲ್ ತುಳಿದಿದ್ದ. ತಪ್ಪು ನನ್ನದು. ಈಗ ನನ್ನ ಹತ್ತಿರ ಯಾರೇ ಇಂಥ ಸವಾರಿಯ ವಿಷಯ ಎತ್ತಿದರೂ ನಾನು ಮೊದಲು ಈ ಎರಡನ್ನೇ ಸರಿ ಮಾಡಿಸುತ್ತೇನೆ.

ಹಣವನ್ನು ಕಿ.ಮೀ.ಗೆ ಕಟ್ಟಬೇಡಿ. ನೀವು ಹಾಸನದಲ್ಲೇ ನಿಂತರೂ ವಸತಿಗೃಹಕ್ಕೆ ಬರಬೇಕಾದ ರೂಪಾಯಿ ಪೂರ್ತಿ ಬರಬೇಕು. ಹೊರಡುವ ಮೊದಲೇ ಹಣ ಅಲ್ಲಿಗೆ ಸೇರಿದ್ದರೆ ಇನ್ನೂ ಒಳ್ಳೆಯದು. ಆಗ ದಾರಿಯಲ್ಲಿ ಮಂಡಿ ನೋವು ಅಂತ ಹೇಳಲು ಯಾರಿಗೂ ಸಂಕೋಚ ಇರುವುದಿಲ್ಲ.

ಹಾಗಾದರೆ ಏನಂತ ಕೇಳುವುದು? ವಸತಿಗೃಹದವರ ಹತ್ತಿರ ಹೋಗಿ ಕೂತು ಮಾತಾಡಿ. ಒಂದು ಕುಟುಂಬ ಒಂದು ದಿನ ಅಲ್ಲಿದ್ದರೆ ಊಟ, ನೀರು, ಕರೆಂಟು ಸೇರಿ ಎಷ್ಟು ಖರ್ಚು ಅಂತ ಅವರೇ ಲೆಕ್ಕ ಕೊಡುತ್ತಾರೆ. ಆ ಮೊತ್ತವನ್ನೇ ಕೇಳಿ. 'ಒಂದು ಮನೆಯವರ ಒಂದು ದಿನ' ಅಂದರೆ ನಮ್ಮ ಜನಕ್ಕೆ ತಕ್ಷಣ ಅರ್ಥವಾಗುತ್ತದೆ. ಹುಟ್ಟುಹಬ್ಬಕ್ಕೆ, ತಂದೆಯ ತಿಥಿಗೆ ಅನ್ನದಾನಕ್ಕೆ ಕೊಟ್ಟು ರೂಢಿ ಇದ್ದವರು ನಾವು. ಒಬ್ಬರು ಹತ್ತು ದಿನದ್ದು ಕೊಡಬಹುದು. ಬೀದಿ ಕೊನೆಯ ಹೂವಿನವರು ಐವತ್ತು ರೂಪಾಯಿ ಕೊಡಬಹುದು. ಎರಡೂ ಬರಲಿ.

ಹಣ ನಿಮ್ಮ ಖಾತೆಗೆ ಬರುವುದು ಮಾತ್ರ ಬೇಡ. ನಿಮ್ಮ ಯುಪಿಐಗೂ ಬೇಡ, ಹುಡುಗನ ಯುಪಿಐಗೂ ಬೇಡ. ವಸತಿಗೃಹ ನಡೆಸುವ ಟ್ರಸ್ಟಿನ ಖಾತೆಗೇ ನೇರವಾಗಿ ಹೋಗಲಿ. ಅವರದೇ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ಕಳಿಸುವಾಗ ಒಂದು ಗುರುತಿನ ಪದ ಬರೆಯಲು ಹೇಳಿ, ನಿಮ್ಮ ಸವಾರಿಯಿಂದ ಎಷ್ಟು ಬಂತು ಅನ್ನುವ ಲೆಕ್ಕ ಅದರಿಂದ ಸಿಗುತ್ತದೆ. ಇದರಲ್ಲಿ ಇನ್ನೊಂದು ಅನುಕೂಲ ಇದೆ. ಕೊಟ್ಟವರ ಹೆಸರಿಗೇ ರಸೀದಿ ಬರುತ್ತದೆ. ಟ್ರಸ್ಟಿಗೆ 80ಜಿ ಮಾನ್ಯತೆ ಇದ್ದರೆ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ರಿಯಾಯಿತಿ ಸಿಗಬಹುದು. ಆದರೆ ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ. 2000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಅದಕ್ಕೆ ರಿಯಾಯಿತಿ ಇಲ್ಲ. ಇವೆರಡನ್ನೂ ಮೊದಲೇ ಹೇಳಿಬಿಡಿ. ಆಮೇಲೆ ಗೊತ್ತಾದರೆ ಬೇಜಾರು. ನಗದು ಕೊಡುವವರು ಇದ್ದೇ ಇರುತ್ತಾರೆ. ಅವರಿಗಾಗಿ ಟ್ರಸ್ಟಿನ ರಸೀದಿ ಪುಸ್ತಕ ತಂದಿಟ್ಟುಕೊಳ್ಳಿ, ಸ್ಥಳದಲ್ಲೇ ಹರಿದು ಕೊಡಿ.

ಅಮೆರಿಕದಲ್ಲಿರುವ ನೆಂಟರು ಕೊಡುತ್ತೇನೆ ಅಂದರೆ ಸ್ವಲ್ಪ ವಿಚಾರಿಸಿ. ಅವರ ಹತ್ತಿರ ಈಗಲೂ ಭಾರತದ ಪಾಸ್‌ಪೋರ್ಟ್ ಇದ್ದು, ಬ್ಯಾಂಕಿನ ಮೂಲಕ ಕಳಿಸಿದರೆ ತೊಂದರೆ ಇಲ್ಲ. ಅಲ್ಲಿಯ ಪೌರತ್ವ ತೆಗೆದುಕೊಂಡಿದ್ದರೆ ಅದು ವಿದೇಶಿ ದೇಣಿಗೆ ಆಗುತ್ತದೆ. ವಿದೇಶಿ ದೇಣಿಗೆಯ ಕಾಯ್ದೆಯಾದ ಎಫ್‌ಸಿಆರ್‌ಎ ಅಡಿ ನೋಂದಣಿ ಇಲ್ಲದ ಟ್ರಸ್ಟು ಅದನ್ನು ಮುಟ್ಟುವಂತಿಲ್ಲ. ಪ್ರೀತಿಯಿಂದ ಕಳಿಸಿದ ಹಣ ಟ್ರಸ್ಟಿನ ತಲೆಗೆ ಕಟ್ಟಿಕೊಳ್ಳಬಾರದು ಅಲ್ವಾ?

ಇನ್ನು ನಿಮ್ಮ ನೆಂಟರ ಮಾತು. ಅದು ಕಟುವಾಗಿ ಕೇಳಿದರೂ ನ್ಯಾಯವಾದ ಪ್ರಶ್ನೆ. ಉತ್ತರ ನಿಮ್ಮ ಮೊದಲ ಸಾಲಿನಲ್ಲೇ ಇರಲಿ: 'ದಾರಿಯ ಊಟ, ಲಾಡ್ಜು, ಸೈಕಲ್ ರಿಪೇರಿ, ವಾಪಸ್ ಬರುವ ಖರ್ಚು ಎಲ್ಲಾ ನಮ್ಮದು. ನೀವು ಕೊಡುವ ಪ್ರತಿ ರೂಪಾಯಿ ವಸತಿಗೃಹಕ್ಕೆ.' ಇದನ್ನು ಬರೆದ ಮೇಲೆ ಒಂದು ಕಾಫಿಯ ದುಡ್ಡೂ ಅದರಿಂದ ತೆಗೆಯಬೇಡಿ. 'ಆ ಖರ್ಚಿನ ದುಡ್ಡನ್ನೇ ಕೊಟ್ಟುಬಿಡಬಹುದಿತ್ತಲ್ಲ' ಅಂತಲೂ ಕೇಳುತ್ತಾರೆ. ಅದನ್ನೂ ಕೊಡಿ. ಮೊದಲ ರಸೀದಿ ನಿಮ್ಮಿಬ್ಬರ ಹೆಸರಿನಲ್ಲೇ ಇರಲಿ. ಸವಾರಿಯ ಉಪಯೋಗ ಬೇರೆ ಇದೆ. ಮೂರೂವರೆ ತಿಂಗಳು ನಿಮ್ಮ ಆಫೀಸಿನಲ್ಲಿ, ಬೀದಿಯಲ್ಲಿ, ಮದುವೆ ಮನೆಗಳಲ್ಲಿ ಜನ 'ಎಲ್ಲಿಗೆ, ಯಾಕೆ' ಅಂತ ಕೇಳುತ್ತಾರೆ. ಚಿಕಿತ್ಸೆಗೆ ಬಂದವರು ಆಸ್ಪತ್ರೆಯ ಹೊರಗೆ ಚಾಪೆ ಹಾಸಿ ಮಲಗುವುದನ್ನು ನೀವು ಅಕ್ಕನ ಜೊತೆ ಓಡಾಡುವಾಗ ನೋಡಿರುತ್ತೀರಿ. ಅದನ್ನು ಹೇಳಲು ನಿಮಗೆ ಸಂದರ್ಭ ಸಿಗುತ್ತದೆ.

ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕಿ ಸುಮ್ನೆ ಕೂರಬೇಡಿ. ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ಬರೆಯಿರಿ, ಫೋನ್ ಮಾಡಿ. ವಸತಿಗೃಹದಲ್ಲಿರುವ ಮಕ್ಕಳ, ರೋಗಿಗಳ ಫೋಟೋ ಹಾಕಬೇಡಿ. ಅವರ ಕಷ್ಟ ತೋರಿಸಿ ಹಣ ಎತ್ತುವುದು ನನಗೆ ಸರಿ ಕಾಣುವುದಿಲ್ಲ. ಅಕ್ಕನ ಫೋಟೋ ಹಾಕಬೇಕಾ ಬೇಡವಾ ಅನ್ನುವುದನ್ನು ಭಾವ ಮತ್ತು ಹುಡುಗ ತೀರ್ಮಾನಿಸಲಿ. ಮುಗಿದ ಮೇಲೆ ಹದಿನೈದು ದಿನದೊಳಗೆ ಕೊಟ್ಟ ಎಲ್ಲರಿಗೂ ಒಟ್ಟು ಮೊತ್ತ ತಿಳಿಸಿ. ಐವತ್ತು ಕೊಟ್ಟ ಹೂವಿನವರಿಗೆ ಹೋಗಿ ಬಾಯಲ್ಲೇ ಹೇಳಿ.

ಈಗ 'ಹಿಂದೆ ಬೀಳುತ್ತೇನೆ' ಅನ್ನುವ ಮಾತಿಗೆ ಬರುತ್ತೇನೆ. ಇಬ್ಬರು ಹೊರಟ ಮೇಲೆ ಹಿಂದೆ ಬೀಳುವವರು ಅಂತ ಯಾರೂ ಇಲ್ಲ. ಸವಾರಿಯ ವೇಗ ನಿಧಾನವಾಗಿ ಹೋಗುವವರ ವೇಗ. ಇದನ್ನು ಹುಡುಗನ ಜೊತೆ ಕೂತು ಮೊದಲೇ ಬಾಯಿಬಿಟ್ಟು ಮಾತಾಡಿ. 'ಅವನೇ ಅರ್ಥ ಮಾಡಿಕೊಳ್ಳುತ್ತಾನೆ' ಅಂತ ಬಿಡಬೇಡಿ. 22ರ ಕಾಲಿಗೆ ನಿಧಾನ ಹೋಗುವುದು ನಿಜವಾಗಲೂ ಕಷ್ಟ. ಅವನ ಶಕ್ತಿಗೆ ಒಂದು ಕೆಲಸ ಕೊಡಬೇಕು.

ಕೆಲಸ ಇದೆ. ಸಾಮಾನೆಲ್ಲ ಅವನ ಸೈಕಲ್ ಮೇಲೆ ಹೋಗಲಿ. ಪಂಪು, ಟ್ಯೂಬುಗಳು, ರಿಪೇರಿ ಸಾಮಾನು, ಇಬ್ಬರ ಬಟ್ಟೆ. ಐದಾರು ಕೆಜಿ ಹೊತ್ತರೆ ಏರಿನಲ್ಲಿ ನಿಮ್ಮಿಬ್ಬರ ನಡುವಿನ ಅಂತರ ಕಡಿಮೆಯಾಗುತ್ತದೆ. ಎದುರುಗಾಳಿ ಇದ್ದಾಗ ಅವನು ಮುಂದೆ, ನೀವು ಅವನ ಚಕ್ರದ ಹಿಂದೆ. ಸಮತಟ್ಟು ರಸ್ತೆಯಲ್ಲಿ ಹೀಗೆ ಹೋದರೆ ಹಿಂದಿನವರ ಶ್ರಮ ಸುಮಾರು ನಾಲ್ಕನೇ ಒಂದು ಭಾಗ ಉಳಿಯಬಹುದು. ನೀವು ಹೊಸಬರಾದ್ದರಿಂದ ಒಂದು ಸೈಕಲ್ಲಿನಷ್ಟು ಅಂತರ ಇರಲಿ. ನಿಮ್ಮ ಮುಂದಿನ ಚಕ್ರ ಅವನ ಹಿಂದಿನ ಚಕ್ರದ ಪಕ್ಕಕ್ಕೆ ಹೋಗಬಾರದು. ತಾಗಿದರೆ ಬೀಳುವವರು ಹಿಂದಿನವರೇ. ಮುಂದಿರುವವನು ಕೂಗಿ ಹೇಳಬೇಕು: 'ಹಳ್ಳ', 'ಹಂಪು', 'ಮರಳು', 'ನಿಲ್ತೀನಿ'. ನಮ್ಮ ರಸ್ತೆಗಳಲ್ಲಿ ಬಣ್ಣ ಹೊಡೆಯದ ಹಂಪುಗಳು ಜಾಸ್ತಿ. ಹಿಂದಿರುವವರಿಗೆ ಏನೂ ಕಾಣುವುದಿಲ್ಲ.

ಏರಿನಲ್ಲಿ ಒಟ್ಟಿಗೆ ಹೋಗಲೇಬೇಕು ಅಂತೇನಿಲ್ಲ. ಅವನು ಅವನ ವೇಗದಲ್ಲಿ ಹತ್ತಲಿ, ಮೇಲೆ ನಿಲ್ಲಲಿ. ನೀವು ತಲುಪಿದ ಮೇಲೆ ನಿಮಗೂ ಐದು ನಿಮಿಷ. ನೀರು ಕುಡಿದು, ಉಸಿರು ಬಂದ ಮೇಲೆ 'ಹೋಗೋಣ' ಅನ್ನುವ ಹಕ್ಕು ನಿಮ್ಮದು. ನಾನು ಸಕಲೇಶಪುರದಲ್ಲಿ ಮಾಡಿದ ತಪ್ಪು ಇದೇ. ಮುಂದೆ ಹೋದವರು ಹತ್ತು ಸಲ ಕಾದು ಹತ್ತು ಸಲ ಸುಧಾರಿಸಿಕೊಳ್ಳುತ್ತಾರೆ, ಹಿಂದೆ ಬಂದವರಿಗೆ ಒಂದು ಸಲವೂ ವಿಶ್ರಾಂತಿ ಸಿಗುವುದಿಲ್ಲ.

ಒಬ್ಬರ ಮೇಲೆ ಒಬ್ಬರು ಕಣ್ಣಿಡಿ. ಹರಟುತ್ತಿದ್ದವನು ಇದ್ದಕ್ಕಿದ್ದಂತೆ ಮೌನವಾದರೆ, ಸಣ್ಣದಕ್ಕೆ ಸಿಡುಕಿದರೆ, ಬಹಳ ಸಲ ಅದು ಹೊಟ್ಟೆ ಖಾಲಿ ಆದ ಲಕ್ಷಣ. ವಾದಕ್ಕೆ ಇಳಿಯಬೇಡಿ. ನಿಲ್ಲಿಸಿ, ತಿನ್ನಿಸಿ. ಹದಿನೈದು ನಿಮಿಷದಲ್ಲಿ ಮನುಷ್ಯ ಬದಲಾಗುತ್ತಾನೆ. ಆದರೆ ನಿಮ್ಮ ಹುಡುಗನ ಮೌನಕ್ಕೆ ಬೇರೆ ಕಾರಣವೂ ಇರಬಹುದು. ಅದಕ್ಕೆ ಹೊತ್ತು ಬೇಕಾದರೆ ಕೊಡಿ. ಮೂರು ದಿನದಲ್ಲಿ ಒಂದರ್ಧ ದಿನ ಅಕ್ಕನ ಮಾತಿಗೇ ಹೋದರೂ ಸವಾರಿಗೆ ನಷ್ಟವಿಲ್ಲ. ಅದಕ್ಕೇ ನಾನು ನಿಮಗೆ ಎರಡು ದಿನದ ಬದಲು ಮೂರು ದಿನದ ದಾರಿ ಹೇಳುತ್ತಿರುವುದು.

ದಾರಿ. ನೆಲಮಂಗಲ, ಹಾಸನ, ಸಕಲೇಶಪುರ, ಶಿರಾಡಿ ಘಾಟಿ ಮೂಲಕ ಹೋದರೆ ಸುಮಾರು 350 ಕಿ.ಮೀ. ಎಲ್ಲರೂ ಹೇಳುವ ದಾರಿ ಅದೇ. ನಾನು ಅದನ್ನು ನಿಮಗೆ ಹೇಳುವುದಿಲ್ಲ. ಶಿರಾಡಿಯಲ್ಲಿ ಬಂದರಿಗೆ ಹೋಗುವ ಲಾರಿ, ಟ್ಯಾಂಕರ್‌ಗಳು ಸಾಲಾಗಿ ಇಳಿಯುತ್ತವೆ. ಸೈಕಲ್ ಸವಾರರಿಗೆ ಅಲ್ಲಿ ಉಸಿರು ಬಿಡಲು ಜಾಗ ಇಲ್ಲ. ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರಕ್ಕೆ ಹೋಗಿ ಚಾರ್ಮಾಡಿಯಲ್ಲಿ ಇಳಿಯಿರಿ. ಸ್ವಲ್ಪ ದೂರ ಜಾಸ್ತಿಯಾಗುತ್ತದೆ, ಆದರೆ ಭಾರಿ ಲಾರಿಗಳ ಕಾಟ ಕಡಿಮೆ.

ಬೆಂಗಳೂರಿನಿಂದ ಹೊರಬೀಳುವುದಕ್ಕೂ ತುಮಕೂರು ರಸ್ತೆ ಬೇಡ. ವಿಜಯನಗರದಿಂದ ನಿಮಗೆ ಮಾಗಡಿ ರಸ್ತೆ ಪಕ್ಕದಲ್ಲೇ ಇದೆ. ಬೆಳಗ್ಗೆ ಐದಕ್ಕೆ ಹೊರಟರೆ ತಾವರೆಕೆರೆ ದಾಟುವಷ್ಟರಲ್ಲಿ ಬೆಳಕು ಹರಿಯುತ್ತಿರುತ್ತದೆ. ಮಾಗಡಿ ಸುಮಾರು 50 ಕಿ.ಮೀ. ಏರಿಳಿತ ಇದೆ, ಆದರೆ ಮರ, ಕೆರೆ, ಬಂಡೆ ನೋಡಿಕೊಂಡು ಹೋಗುವ ದಾರಿ. ಅಲ್ಲಿಂದ ಕುಣಿಗಲ್‌ಗೆ ಹೋಗಿ ಹೈವೇ ಸೇರಿಕೊಳ್ಳಿ. ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ ದಾಟಿ ಚನ್ನರಾಯಪಟ್ಟಣದಲ್ಲಿ ಮೊದಲ ದಿನ ಮುಗಿಸಿ. ಸುಮಾರು 145 ಕಿ.ಮೀ. ಆಗುತ್ತದೆ. ಎರಡನೇ ದಿನ ಹಾಸನ, ಬೇಲೂರು ಮೂಲಕ ಮೂಡಿಗೆರೆ ಅಥವಾ ಕೊಟ್ಟಿಗೆಹಾರ. ಮೂರನೇ ದಿನ ಘಾಟಿ ಇಳಿದು ಉಜಿರೆ, ಬೆಳ್ತಂಗಡಿ, ಬಿ.ಸಿ. ರೋಡ್, ಮಂಗಳೂರು.

ಮೈಸೂರಿನ ಕಡೆ ಅಭ್ಯಾಸಕ್ಕೆ ಹೋಗುವ ಯೋಚನೆ ಇದ್ದರೆ ಒಂದು ವಿಷಯ ನೆನಪಿರಲಿ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೋ, ಸೈಕಲ್ ಯಾವುದಕ್ಕೂ ಪ್ರವೇಶ ಇಲ್ಲ. ಸರ್ವೀಸ್ ರಸ್ತೆಯಲ್ಲೇ ಹೋಗಬೇಕು.

ಜನವರಿ ಒಳ್ಳೆಯ ಆಯ್ಕೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಎದೆಗೆ ಬೀಸುತ್ತದೆ. ಚಳಿಗಾಲದಲ್ಲಿ ಸಾಮಾನ್ಯವಾಗಿ ಪೂರ್ವದ ಕಡೆಯಿಂದ ಬೀಸುವುದರಿಂದ ಮಂಗಳೂರಿಗೆ ಹೋಗುವವರಿಗೆ ಬೆನ್ನಿಗೆ ಗಾಳಿ. ಸಂಕ್ರಾಂತಿಯ ರಜೆಯ ದಿನಗಳನ್ನು ಬಿಟ್ಟು ಹೊರಡಿ, ಇಡೀ ಬೆಂಗಳೂರು ಆಗ ಅದೇ ರಸ್ತೆಯಲ್ಲಿರುತ್ತದೆ. ಶಿವರಾತ್ರಿಯ ಹೊತ್ತಿಗೆ ಇದೇ ಚಾರ್ಮಾಡಿಯಲ್ಲಿ ಸಾವಿರಾರು ಜನ ಧರ್ಮಸ್ಥಳಕ್ಕೆ ನಡೆದುಕೊಂಡು ಹೋಗುತ್ತಾರೆ. ದಾರಿಯುದ್ದಕ್ಕೂ ಊರಿನವರು ಪೆಂಡಾಲ್ ಹಾಕಿ ಮಜ್ಜಿಗೆ, ಪಾನಕ, ಊಟ ಕೊಡುತ್ತಾರೆ. ಕಾಲು ಬೊಬ್ಬೆ ಬಂದವರಿಗಾಗಿ ಇಡೀ ಗುಂಪು ನಿಲ್ಲುವುದನ್ನು ನಾನು ಅಲ್ಲಿ ನೋಡಿದ್ದೇನೆ. ಒಬ್ಬರು ಕುಂಟಿದರೆ ಎಲ್ಲರೂ ಕೂರುತ್ತಾರೆ.

ವೇಗದ ಲೆಕ್ಕಕ್ಕೆ ಒಂದು ಅಳತೆ ಕೊಡುತ್ತೇನೆ. ಬೆಂಗಳೂರಿನಲ್ಲಿ ಬ್ರೆವೆ ಅನ್ನುವ ದೂರದ ಸವಾರಿಗಳು ವರ್ಷವಿಡೀ ನಡೆಯುತ್ತವೆ. ಪ್ಯಾರಿಸ್‌ನ ಆಡಾಕ್ಸ್ ಕ್ಲಬ್ಬಿನ ನಿಯಮದಂತೆ ಅಲ್ಲಿ 200 ಕಿ.ಮೀ.ಗೆ ಹದಿಮೂರೂವರೆ ಗಂಟೆ ಕೊಡುತ್ತಾರೆ. ಊಟ, ಪಂಕ್ಚರ್, ವಿಶ್ರಾಂತಿ ಎಲ್ಲಾ ಅದರೊಳಗೇ. ಅಂದರೆ ಗಂಟೆಗೆ ಸುಮಾರು 15 ಕಿ.ಮೀ. ನೀವೂ ಅಷ್ಟೇ ಇಟ್ಟುಕೊಳ್ಳಿ. ಬೆಳಗ್ಗೆ ಐದಕ್ಕೆ ಹೊರಟರೆ ಮಧ್ಯಾಹ್ನ ಮೂರರ ಸುಮಾರಿಗೆ ಚನ್ನರಾಯಪಟ್ಟಣ. ಅಲ್ಲಿ ಸ್ನಾನ, ಊಟ, ನಿದ್ದೆ. ಕತ್ತಲಾದ ಮೇಲೆ ಹೈವೇಯಲ್ಲಿ ಇರಬೇಡಿ.

ತಯಾರಿ ಹೀಗೆ ಮಾಡಿ. ಮೊದಲು ಡಾಕ್ಟರ ಹತ್ತಿರ ಹೋಗಿ ಬಿಪಿ, ಸಕ್ಕರೆ, ಇಸಿಜಿ ನೋಡಿಸಿಕೊಳ್ಳಿ. 46 ವರ್ಷ, ಕೂತು ಮಾಡುವ ಕೆಲಸ. ಇದನ್ನು ಬಿಡುವ ಹಾಗಿಲ್ಲ. ಆಮೇಲೆ ವಾರಕ್ಕೆ ಮೂರು ಸವಾರಿ. ಎರಡು ದಿನ ಬೆಳಗ್ಗೆ ಒಂದೊಂದು ಗಂಟೆ, ಭಾನುವಾರ ಉದ್ದದ್ದು. ಭಾನುವಾರದ ದೂರ ವಾರಕ್ಕೆ ಐದಾರು ಕಿ.ಮೀ. ಹೆಚ್ಚುತ್ತಾ ಹೋಗಲಿ. ಪ್ರತಿ ನಾಲ್ಕನೇ ವಾರ ಕಡಿಮೆ ಮಾಡಿ, ಕಾಲು ಸುಧಾರಿಸಿಕೊಳ್ಳಲಿ. ಕೊನೆಗೆ ಒಂದು 100 ಕಿ.ಮೀ. ಸವಾರಿ ಆಗಿರಬೇಕು. ಅದಕ್ಕಿಂತ ಮುಖ್ಯವಾದದ್ದು ಶನಿವಾರ 80, ಮರುದಿನವೇ 60. ನೋಯುವ ಮೈಯಲ್ಲಿ ಮತ್ತೆ ಸೀಟಿನ ಮೇಲೆ ಕೂರುವುದು ಹೇಗೆ ಅಂತ ಅದರಿಂದಲೇ ಗೊತ್ತಾಗುವುದು. ಇದನ್ನು ಹುಡುಗನ ಜೊತೆಗೇ ಮಾಡಿ. ತುಳಿಯುತ್ತಲೇ ಪೂರ್ತಿ ವಾಕ್ಯ ಮಾತಾಡಲು ಆಗುವ ವೇಗವೇ ನಿಮ್ಮ ವೇಗ. ಏದುಸಿರಿನಲ್ಲಿ ಒಂದೊಂದೇ ಪದ ಬರುತ್ತಿದ್ದರೆ ಜೋರಾಯಿತು.

ಘಾಟಿ ಇಳಿಯುವ ಅಭ್ಯಾಸಕ್ಕೆ ನಂದಿ ಬೆಟ್ಟ ಇದೆ. ಮೇಲೆ 1478 ಮೀಟರ್ ಎತ್ತರ, ಬುಡದಿಂದ ಸುಮಾರು ಎಂಟು ಕಿ.ಮೀ. ಏರು. ವಾರಾಂತ್ಯದಲ್ಲಿ ಕಾರು, ಬೈಕುಗಳ ಜಾತ್ರೆ. ಒಂದು ದಿನ ರಜೆ ಹಾಕಿ ವಾರದ ನಡುವೆ ಹೋಗಿ. ಹತ್ತುವುದಕ್ಕಿಂತ ಇಳಿಯುವುದನ್ನು ಗಮನ ಕೊಟ್ಟು ಕಲಿಯಿರಿ. ಬ್ರೇಕನ್ನು ಒಂದೇ ಸಮನೆ ಹಿಡಿದುಕೊಂಡೇ ಇಳಿದರೆ ರಿಮ್ಮು ಕಾದುಹೋಗುತ್ತದೆ. ಡಿಸ್ಕ್ ಆದರೆ ಪ್ಯಾಡಿನ ಹಿಡಿತ ಕಡಿಮೆಯಾಗುತ್ತದೆ. ಎರಡೂ ಬ್ರೇಕ್ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಬಿಡಿ. ಮತ್ತೆ ಹಿಡಿಯಿರಿ, ಬಿಡಿ. ತಿರುವಿಗೆ ಮೊದಲೇ ನಿಧಾನವಾಗಬೇಕು, ತಿರುವಿನೊಳಗೆ ಗಟ್ಟಿ ಬ್ರೇಕ್ ಬೇಡ.

ಚಾರ್ಮಾಡಿಯಲ್ಲಿ ಬೆಳಗ್ಗೆ ಮಂಜು ದಟ್ಟವಾಗಿರುತ್ತದೆ. ಅವಸರ ಮಾಡದೆ ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿಂದು, ಮಂಜು ಸರಿದ ಮೇಲೆ ಹೊರಡಿ. ಹಿಂದಿನ ಕೆಂಪು ದೀಪ ಹಗಲಲ್ಲೂ ಉರಿಯುತ್ತಿರಲಿ. ಬಸ್ಸುಗಳು ತಿರುವಿನಲ್ಲಿ ಇಡೀ ರಸ್ತೆ ತೆಗೆದುಕೊಳ್ಳುತ್ತವೆ. ಹಾಗಾಗಿ ಎಡ ಬಿಡಬೇಡಿ, ತಿರುವಿನಲ್ಲಿ ಫೋಟೋಗೆ ನಿಲ್ಲಬೇಡಿ. ಕೋತಿಗಳು ಕೂತ ಕಡೆ ತಿಂಡಿ ಹೊರಗೆ ತೆಗೆಯಬೇಡಿ. ಇಲ್ಲಿ ಮಾತ್ರ ನೀವು ಮುಂದೆ, ಹುಡುಗ ಹಿಂದೆ. ಇಳಿಜಾರಿನಲ್ಲಿ ಹುಡುಗರು ಮುಂದಿದ್ದರೆ ವೇಗ ಏರುತ್ತದೆ, ಅವರನ್ನು ಹಿಡಿಯಲು ಹೋಗಿ ಹಿಂದಿನವರು ಬೀಳುತ್ತಾರೆ.

ತಿನ್ನುವ, ಕುಡಿಯುವ ವಿಷಯ. ಹಸಿವಾಗುವವರೆಗೆ ಕಾಯಬೇಡಿ. ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ದೇಹಕ್ಕೆ ಸಿಗಬೇಕು. ದೊಡ್ಡ ಪಚ್ಚಬಾಳೆ ಒಂದರಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಏಲಕ್ಕಿ ಬಾಳೆ ಆದರೆ ಎರಡು ಬೇಕು. ಕಡಲೆಕಾಯಿ ಚಿಕ್ಕಿ, ಖರ್ಜೂರ ಜೇಬಿನಲ್ಲಿರಲಿ. ಕುಣಿಗಲ್‌ನಲ್ಲಿ ಇಡ್ಲಿ ತಿನ್ನಿ, ಎಣ್ಣೆಯ ಪೂರಿ ಬಿಡಿ. ನೀರು ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಷಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಅದಕ್ಕೆ ಉಪ್ಪು ಹಾಕಿದ ಮಜ್ಜಿಗೆ ಸೇರಿಸಿ, ಇಲ್ಲವೇ ಡಬ್ಲ್ಯುಎಚ್‌ಒ ಸೂತ್ರದ ಓಆರ್‌ಎಸ್ ಪುಡಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು.

ಮಂಡಿಯ ಮುಂಭಾಗ ನೋಯುತ್ತಿದ್ದರೆ ಬಹಳ ಸಲ ಸೀಟು ತಗ್ಗಾಗಿರುತ್ತದೆ. ಮಂಡಿಯ ಹಿಂದೆ ನೋಯುತ್ತಿದ್ದರೆ ಸೀಟು ಎತ್ತರ ಆಗಿರುತ್ತದೆ. ಹಿಮ್ಮಡಿಯನ್ನು ಪೆಡಲ್ ಮೇಲಿಟ್ಟು ಕೆಳಗೆ ತಂದಾಗ ಕಾಲು ನೆಟ್ಟಗಾದರೆ ಅಳತೆ ಹೆಚ್ಚುಕಡಿಮೆ ಸರಿ. ಪ್ಯಾಡ್ ಇರುವ ಚಡ್ಡಿಯ ಒಳಗೆ ಬೇರೆ ಒಳಚಡ್ಡಿ ಹಾಕಬೇಡಿ, ಹೊಲಿಗೆ ಉಜ್ಜಿ ಗಾಯವಾಗುತ್ತದೆ. ಹೊಸ ಸೀಟು, ಹೊಸ ಚಡ್ಡಿ, ಹೊಸ ಬೂಟು ಯಾವುದನ್ನೂ ಹೊರಡುವ ದಿನ ಮೊದಲ ಸಲ ಹಾಕಬೇಡಿ.

ಹೈವೇಯ ಅಂಚಿನಲ್ಲಿ ಲಾರಿ ಟಯರ್ ಸಿಡಿದು ಬಿದ್ದ ಚೂರುಗಳಿರುತ್ತವೆ. ಅದರಲ್ಲಿ ಕೂದಲಿನಷ್ಟು ಸಣ್ಣ ಉಕ್ಕಿನ ತಂತಿ ಇರುತ್ತದೆ. ಹೆಚ್ಚಿನ ಪಂಕ್ಚರ್ ಅದರಿಂದಲೇ. ಟ್ಯೂಬು ಬದಲಿಸುವಾಗ ಟಯರಿನ ಒಳಗೆ ಬೆರಳಾಡಿಸಿ ಆ ತಂತಿ ಹುಡುಕಿ ತೆಗೆಯಿರಿ, ಇಲ್ಲದಿದ್ದರೆ ಹೊಸ ಟ್ಯೂಬಿಗೂ ಅದೇ ಗತಿ. ಇಬ್ಬರ ಟಯರ್ ಅಳತೆ ಒಂದೇ ಆಗಿದ್ದರೆ ಟ್ಯೂಬು ಹಂಚಿಕೊಳ್ಳಬಹುದು. ಸಣ್ಣ ಬಾಯಿಯ ಪ್ರೆಸ್ಟಾ ವಾಲ್ವ್ ಇದ್ದರೆ ಹಿತ್ತಾಳೆಯ ಅಡಾಪ್ಟರ್ ಒಂದು ಇಟ್ಟುಕೊಳ್ಳಿ. ಊರಿನ ಪಂಕ್ಚರ್ ಅಂಗಡಿಯ ಗಾಳಿ ಆಗ ನಿಮಗೂ ಸಿಗುತ್ತದೆ. ಇನ್ನೊಂದು ಎಚ್ಚರ. ಹೈವೇಯಲ್ಲಿ ಎಡ ಅಂಚಿನಲ್ಲೇ ಬೈಕು, ಟ್ರ್ಯಾಕ್ಟರ್ ಎದುರು ದಿಕ್ಕಿನಿಂದ ಬರುತ್ತವೆ. ಕಿವಿಗೆ ಇಯರ್‌ಫೋನ್ ಬೇಡವೇ ಬೇಡ.

ಭಾವ ಬರಲಿ. ಆದರೆ ನಿಮ್ಮ ಹಿಂದೆ ಗಂಟೆಗೆ 18 ಕಿ.ಮೀ. ವೇಗದಲ್ಲಿ ಕಾರು ಓಡಿಸಿಕೊಂಡು ಅಲ್ಲ. ಹೈವೇಯಲ್ಲಿ ಅಷ್ಟು ನಿಧಾನ ಹೋಗುವ ಕಾರಿಗೆ ಹಿಂದಿನಿಂದ ಯಾರಾದರೂ ಗುದ್ದಿದರೆ ಅದು ಬರುವುದು ನಿಮ್ಮ ಮೇಲೇ. ಅವರು 25 ಕಿ.ಮೀ. ಮುಂದೆ ಹೋಗಿ ಒಂದು ಹೋಟೆಲ್ ಮುಂದೆ ನಿಲ್ಲಲಿ. ನೀರು, ಬಾಳೆಹಣ್ಣು, ಒಣಗಿದ ಟವೆಲ್ಲು ಅವರ ಹತ್ತಿರ ಇರಲಿ. ನೀವು ಮುಟ್ಟಿದ ಮೇಲೆ ಮತ್ತೆ ಮುಂದಿನ ನಿಲ್ದಾಣ. ಹೀಗೆ ಮಾಡಿದರೆ ದಿನಕ್ಕೆ ಐದಾರು ಸಲ ಮೂವರೂ ಒಟ್ಟಿಗೆ ಕೂರುತ್ತೀರಿ. ಅವರ ಫೋನಿನಲ್ಲಿ 112, 108 ಮತ್ತು ರಾಷ್ಟ್ರೀಯ ಹೆದ್ದಾರಿ ಸಹಾಯದ 1033 ಇರಲಿ. ಬೆಳ್ಳೂರು ಕ್ರಾಸ್ ಹತ್ತಿರ ಬಿ.ಜಿ. ನಗರದಲ್ಲಿ, ಹಾಸನದಲ್ಲಿ, ಉಜಿರೆಯಲ್ಲಿ ದೊಡ್ಡ ಆಸ್ಪತ್ರೆಗಳಿವೆ ಅನ್ನುವುದೂ ಅವರಿಗೆ ಗೊತ್ತಿರಲಿ.

ನಡುವೆ ನಿಲ್ಲಬೇಕಾಗಿ ಬಂದರೆ? ಇದನ್ನೂ ಮನೆಯಲ್ಲೇ ತೀರ್ಮಾನಿಸಿ ಹೊರಡಿ. ಒಬ್ಬರು ಕಾರು ಹತ್ತಬೇಕಾದರೆ ಇನ್ನೊಬ್ಬರು ಏನು ಮಾಡಬೇಕು? ನನ್ನನ್ನು ಕೇಳಿದರೆ ಇಬ್ಬರೂ ಹತ್ತಿ. ಮರುದಿನ ಕಾಲು ಒಪ್ಪಿದರೆ ಇಬ್ಬರೂ ಮತ್ತೆ ಇಳಿಯಿರಿ. ಕೊಟ್ಟವರಿಗೆ ಇದ್ದದ್ದನ್ನು ಇದ್ದಂತೆ ಹೇಳಿ, 'ಇಂಥ ಕಡೆಯಿಂದ ಇಂಥ ಕಡೆಗೆ ಕಾರಿನಲ್ಲಿ ಬಂದೆವು' ಅಂತ. ಹಣ ಆಗಲೇ ವಸತಿಗೃಹದಲ್ಲಿರುತ್ತದೆ.

ಈ ವಾರ ಮಾಡಬೇಕಾದದ್ದು ಎರಡೇ. ವಸತಿಗೃಹಕ್ಕೆ ಮೂವರೂ ಹೋಗಿ ಬನ್ನಿ. ಹುಡುಗನನ್ನು ಕರೆದುಕೊಂಡು ಸೈಕಲ್ ಅಂಗಡಿಗೆ ಹೋಗಿ ಇಬ್ಬರ ಸೀಟಿನ ಎತ್ತರ ಸರಿ ಮಾಡಿಸಿ. ಮಂಗಳೂರು ಮುಟ್ಟಿದ ಮೇಲೆ ಪಣಂಬೂರಿನ ಕಡಲಿಗೆ ಹೋಗೇ ಹೋಗುತ್ತೀರಿ, ಹುಡುಗ ಸೈಕಲ್ಲನ್ನು ನೀರಿಗಿಳಿಸಿ ಫೋಟೋ ತೆಗೆಸಿಕೊಳ್ಳುತ್ತಾನೆ. ತೆಗೆಸಿಕೊಳ್ಳಲಿ. ಆದರೆ ಕಾರಿಗೆ ಕಟ್ಟುವ ಮೊದಲು ಎರಡೂ ಸೈಕಲ್ಲಿಗೆ ಸಿಹಿನೀರು ಹೊಯ್ದು, ಒರೆಸಿ, ಚೈನಿಗೆ ಎಣ್ಣೆ ಬಿಡಿ.